ರೀಲೇ ಉಳಿಯದ ಸಿನಿಮಾವನ್ನು ಓದುವುದು ಹೇಗೆ?

ಯೂನಿವರ್ಸಿಟಿಯಲ್ಲಿ ಸಿನಿಮಾ ಓದುತ್ತೇನೆ ಅಂದರೆ ಊರಿನಲ್ಲಿ ನಗುತ್ತಾರೆ. ಅದರಲ್ಲಿ ಓದುವುದೇನಿದೆ, ನೋಡುವುದು ತಾನೆ ಅಂತ. ನೋಡುವುದಕ್ಕೆ ಸಿನಿಮಾವೇ ಇಲ್ಲದಿದ್ದರೆ?

ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ'. 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್ ಟಾಕೀಸಿನಲ್ಲಿ ತೆರೆಕಂಡಿತು. ನಿರ್ದೇಶನ ವೈ.ವಿ. ರಾವ್, ದುಡ್ಡು ಹಾಕಿದವರು ಚಮನ್‌ಲಾಲ್ ಡುಂಗಾಜಿ. ಸುಬ್ಬಯ್ಯ ನಾಯ್ಡು ಇಂದ್ರಜಿತು, ನಾಗೇಂದ್ರರಾಯರು ರಾವಣ, ತ್ರಿಪುರಾಂಬ ಸುಲೋಚನ. ಶೂಟಿಂಗ್ ನಡೆದದ್ದು ಕೊಲ್ಲಾಪುರದಲ್ಲಿ. ಇಷ್ಟೆಲ್ಲ ಗೊತ್ತಿದೆ. ಆದರೆ ಸಿನಿಮಾದ ಪ್ರಿಂಟು ಉಳಿದಿಲ್ಲ. ಆ ಟಾಕೀಸೂ ಇವತ್ತು ಇಲ್ಲ.

ಹಳ್ಳಿಯಿಂದ ಹೋಗಿ ಎಂ.ಎ. ಸೇರಿದ ಹುಡುಗಿಗೆ ಈ ಚಿತ್ರದ ಮೇಲೆ ಪ್ರಬಂಧ ಬರೆ ಅಂದರೆ ಏನು ಮಾಡಬೇಕು? ಮೊದಲು ಮೊಬೈಲ್ ತೆಗೆಯುತ್ತಾಳೆ, ನಾವೂ ಅದನ್ನೇ ಮಾಡುತ್ತೇವೆ. ಖರ್ಚಾದದ್ದು 40,000 ರೂಪಾಯಿ ಎಂದು ಹತ್ತು ಕಡೆ ಸಿಗುತ್ತದೆ. ಬಹುಪಾಲು ಒಂದೇ ವಾಕ್ಯ, ಪದಕ್ಕೆ ಪದ. ಒಬ್ಬರು ಬರೆದದ್ದನ್ನು ಒಂಬತ್ತು ಜನ ನಕಲು ಮಾಡಿದರೆ ಅದು ಹತ್ತು ಸಾಕ್ಷಿ ಆಗುವುದಿಲ್ಲ. ಪಂಚಾಯ್ತಿ ಕಟ್ಟೆಯಲ್ಲಿ ನ್ಯಾಯ ಹೇಳುವ ಹಿರಿಯರಿಗೆ ಇದು ಗೊತ್ತು. 'ನೀನು ಕಣ್ಣಾರೆ ಕಂಡೆಯಾ, ಯಾರೋ ಹೇಳಿದ್ದನ್ನು ಕೇಳಿದೆಯಾ' ಅಂತಲೇ ಅವರು ಮೊದಲು ಕೇಳುವುದು. ಸಂಶೋಧನೆಯ ಮೊದಲ ಪಾಠವೂ ಇದೇ.

ಆಮೇಲೆ ಕಾಗದ ಹುಡುಕಬೇಕು. ಸಿನಿಮಾ ಹೋದರೂ ಅದರ ಸುತ್ತ ಹುಟ್ಟಿದ ಕಾಗದ ಎಲ್ಲೋ ಉಳಿದಿರುತ್ತದೆ. ಆಗಿನ ಪತ್ರಿಕೆಯ ಜಾಹೀರಾತು, ಗೋಡೆಗೆ ಅಂಟಿಸಿದ ವಾಲ್‌ಪೋಸ್ಟರ್, ಟಾಕೀಸಿನ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ. ಈ ಪುಸ್ತಕವನ್ನು ಕಡೆಗಣಿಸಬೇಡಿ. ಕಥಾಸಾರ, ಪಾತ್ರಧಾರಿಗಳ ಹೆಸರು, ಹಾಡುಗಳು ಎಲ್ಲ ಅದರಲ್ಲೇ ಇರುತ್ತಿದ್ದವು. ಎಷ್ಟೋ ಹಳೆಯ ಚಿತ್ರಗಳ ವಿಚಾರ ನಮಗೆ ತಿಳಿದಿರುವುದೇ ಅವುಗಳಿಂದ. ಆದರೆ ಜಾಹೀರಾತಿನಲ್ಲಿ 'ಭರ್ಜರಿ ಪ್ರದರ್ಶನ' ಅಂತ ಇದ್ದರೆ ಅದನ್ನು ಬರೆಸಿದವರು ಟಿಕೆಟ್ ಮಾರುವವರು ಅನ್ನುವುದು ನೆನಪಿರಲಿ. ಅದರಿಂದ ತಾರೀಕು ತೆಗೆದುಕೊಳ್ಳಬಹುದು, ಯಶಸ್ಸನ್ನು ತೆಗೆದುಕೊಳ್ಳಬಾರದು.

ಕೋರ್ಟು ಕಚೇರಿಯ ಕಾಗದವೂ ಬೇಕು. 1927ರಲ್ಲಿ ಬ್ರಿಟಿಷ್ ಸರ್ಕಾರ ರಂಗಾಚಾರಿ ಎಂಬ ಮದ್ರಾಸಿನ ವಕೀಲರ ಅಧ್ಯಕ್ಷತೆಯಲ್ಲಿ ಒಂದು ಸಿನಿಮಾ ಸಮಿತಿ ಮಾಡಿತು. ಅದು ಊರೂರು ತಿರುಗಿ ಥಿಯೇಟರಿನವರು, ನಿರ್ಮಾಪಕರು, ಅಧಿಕಾರಿಗಳು ಹೀಗೆ ನೂರಾರು ಜನರ ಹೇಳಿಕೆ ಪಡೆದು 1928ರಲ್ಲಿ ವರದಿ ಕೊಟ್ಟಿತು. ಹೇಳಿಕೆಗಳು ಪ್ರಶ್ನೆ ಉತ್ತರದ ರೂಪದಲ್ಲೇ ಅಚ್ಚಾಗಿವೆ. ಗಾಂಧೀಜಿಗೂ ಪ್ರಶ್ನೆಗಳು ಹೋಗಿದ್ದವು, ತಾವು ಸಿನಿಮಾಕ್ಕೆ ಹೋದವರೇ ಅಲ್ಲ ಎಂದು ಅವರು ಉತ್ತರ ಕೊಟ್ಟರು. ಮಲಯಾಳದ ಮೂಕಿಚಿತ್ರ 'ಮಾರ್ತಾಂಡ ವರ್ಮ'ದ ಕಥೆ ಇನ್ನೂ ವಿಚಿತ್ರ. ಕಾದಂಬರಿಯ ಹಕ್ಕು ತಮ್ಮದು ಅಂತ ಪುಸ್ತಕದ ಪ್ರಕಾಶಕರು ಕೋರ್ಟಿಗೆ ಹೋದರು, ಪ್ರಿಂಟು ಅವರ ಹತ್ತಿರವೇ ಬಿದ್ದಿತ್ತು. ಸಿನಿಮಾ ಓಡದಂತೆ ಮಾಡಿದ ಜಗಳವೇ ಅದನ್ನು ನಮಗೆ ಉಳಿಸಿಕೊಟ್ಟಿತು!

ಆ ಪ್ರಿಂಟನ್ನು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ತಂದವರು ಪಿ.ಕೆ. ನಾಯರ್. ನಾಯರ್ 1961ರಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಸಂಶೋಧನಾ ಸಹಾಯಕರಾಗಿ ಸೇರಿದರು. ಸಂಗ್ರಹಾಲಯ ಶುರುವಾದದ್ದು 1964ರಲ್ಲಿ. ಹಳೆಯ ನೈಟ್ರೇಟ್ ರೀಲು ಬೇಗ ಬೆಂಕಿ ಹಿಡಿಯುತ್ತಿತ್ತು. ಓಡಿ ಮುಗಿದ ರೀಲುಗಳನ್ನು ಅದರಲ್ಲಿದ್ದ ಬೆಳ್ಳಿಗಾಗಿ ಗುಜರಿಗೆ ಹಾಕುತ್ತಿದ್ದರು. ನಾಯರ್ ನಾಸಿಕ್‌ಗೆ ಹೋಗಿ ದಾದಾಸಾಹೇಬ್ ಫಾಲ್ಕೆಯವರ ಮನೆಯವರಿಂದ ಉಳಿದ ರೀಲು ಪಡೆದರು. ಹೀಗೆ ಊರೂರು ಅಲೆದರು. ಕತ್ತಲೆಯ ಥಿಯೇಟರಿನಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಟಿಪ್ಪಣಿ ಬರೆಯುತ್ತಿದ್ದರು. 2016ರಲ್ಲಿ ತೀರಿಕೊಂಡರು. ಅವರ ಮೇಲೆ 'ಸೆಲ್ಯುಲಾಯ್ಡ್ ಮ್ಯಾನ್' ಎಂಬ ಸಾಕ್ಷ್ಯಚಿತ್ರವಿದೆ, ಸಿಕ್ಕರೆ ನೋಡಿ. ಅದರಲ್ಲಿ ಸಾಗರ ತಾಲ್ಲೂಕಿನ ಹೆಗ್ಗೋಡಿನ ಜನ ಮಾತಾಡುತ್ತಾರೆ. ಕೆ.ವಿ. ಸುಬ್ಬಣ್ಣನವರ ನೀನಾಸಂಗೆ ಪುಣೆಯಿಂದ ರೀಲು ಬರುತ್ತಿತ್ತು. ಅಡಿಕೆ ತೋಟದಲ್ಲಿ ದುಡಿಯುವವರು ಸಂಜೆ ಕೂತು 'ಪಥೇರ್ ಪಾಂಚಾಲಿ', 'ಬೈಸಿಕಲ್ ಥೀವ್ಸ್' ನೋಡಿ ಚರ್ಚೆ ಮಾಡುತ್ತಿದ್ದರು. ಇಂಥ ಓದು ಪಟ್ಟಣದವರದ್ದು ಅನ್ನುವವರಿಗೆ ನಾವು ಕೊಡುವ ಉತ್ತರ ಹೆಗ್ಗೋಡು.

'ಸತಿ ಸುಲೋಚನ'ದ ಜೊತೆಗೇ ಇನ್ನೊಂದು ತಕರಾರಿದೆ. ಮೊದಲು ತಯಾರಾದದ್ದು 'ಭಕ್ತ ಧ್ರುವ', ಮೊದಲು ಬಿಡುಗಡೆಯಾದದ್ದಷ್ಟೇ ಇದು ಎನ್ನುವವರಿದ್ದಾರೆ. ಹಾಗಾದರೆ 'ಮೊದಲ' ಅನ್ನುವುದಕ್ಕೆ ಲೆಕ್ಕ ಯಾವುದು, ತಯಾರಿಯೋ, ತೆರೆಯೋ? ಮೇಷ್ಟ್ರು ಹೇಳಿಕೊಡದೆ ಈ ಪ್ರಶ್ನೆ ತನಗೇ ಹೊಳೆದರೆ ಆ ಹುಡುಗಿ ಸ್ವಂತ ಓದಿಗೆ ಇಳಿದಳು ಅಂತ ಅರ್ಥ.

ಅವಳಿಗೆ ನಮ್ಮದೊಂದು ಸಲಹೆ. ಬೆಂಗಳೂರು ಪುಣೆಗೆ ಹೋಗುವ ಮುಂಚೆ ಸ್ವಂತ ಊರಿನ ಟೂರಿಂಗ್ ಟಾಕೀಸಿನಿಂದ ಶುರು ಮಾಡಲಿ. ಟೆಂಟು ಹಾಕುತ್ತಿದ್ದ ಬಯಲು ಯಾವುದು, ನೆಲದ ಟಿಕೆಟ್ ಎಷ್ಟಿತ್ತು, ಹೆಂಗಸರು ಎಲ್ಲಿ ಕೂರುತ್ತಿದ್ದರು, ಮಳೆಗಾಲದಲ್ಲಿ ಟೆಂಟು ಏನಾಗುತ್ತಿತ್ತು? ಆಪರೇಟರ್ ಆಗಿದ್ದವರು, ಗೇಟಿನಲ್ಲಿ ನಿಲ್ಲುತ್ತಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. ಅಜ್ಜ ಹೇಳಿದ ವರ್ಷವನ್ನು ಹಾಗೆಯೇ ಬರೆದುಕೊಂಡು, ಆ ವರ್ಷ ಬಂದ ಬರ, ನಡೆದ ಎಲೆಕ್ಷನ್, ಮನೆಯ ಮದುವೆ ಯಾವುದು ಅಂತ ಕೇಳಿ ತಾಳೆ ನೋಡಬೇಕು. ಟೆಂಟಿಗೂ ಲೈಸೆನ್ಸ್ ಬೇಕಿತ್ತು, ಅಂದಮೇಲೆ ಸರ್ಕಾರಿ ಕಚೇರಿಯಲ್ಲಿ ಫೈಲ್ ಹುಟ್ಟಿರಲೇಬೇಕು. ಹತ್ತು ರೂಪಾಯಿಯ ಆರ್‌ಟಿಐ ಅರ್ಜಿ ಹಾಕಿ ಕೇಳಬಹುದು.

ಯಾರದಾದರೂ ಮನೆಯ ಟ್ರಂಕಿನಲ್ಲಿ ಹಳೆಯ ಹಾಡಿನ ಪುಸ್ತಕ ಸಿಕ್ಕರೆ ಕೇಳಿಕೊಂಡು, ಅಲ್ಲೇ ಪುಟಪುಟವೂ ಫೋಟೋ ತೆಗೆದು, ಪುಸ್ತಕ ವಾಪಸ್ ಕೊಡಲಿ. ರಕ್ಷಾಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಪ್ರೆಸ್ಸಿನ ಹೆಸರು, ಊರು ಇರುತ್ತದೆ. ಆ ಸಾಲು ಫೋಟೋದಲ್ಲಿ ಬಂದಿದೆಯೇ ಅಂತ ಇನ್ನೊಮ್ಮೆ ನೋಡಿಕೊಳ್ಳಲಿ.