ಪಾತಾಳಕ್ಕಿಳಿದ ಇನನ್ನಾ

ಗಂಡನ ಪ್ರಾಣವನ್ನು ಯಮನಿಂದ ಮರಳಿ ಪಡೆದ ಸಾವಿತ್ರಿಯ ಕಥೆ ನಮ್ಮ ಮಕ್ಕಳಿಗೆಲ್ಲ ತಿಳಿದುದೇ. ಅಂತಹುದೇ ಒಂದು ಕಥೆ ಯೂಫ್ರೆಟಿಸ್-ಟೈಗ್ರಿಸ್ ನದಿಗಳ ನಡುವಣ ನಾಡಿನಲ್ಲಿಯೂ ಇದ್ದಿತೆಂದು ಪಾಶ್ಚಾತ್ಯ ವಿದ್ವಾಂಸರು ಬಹುಕಾಲ ನಂಬಿದ್ದರು. ಕ್ರಿ. ಪೂ. 7ನೆಯ ಶತಮಾನದ ಅಶೂರ್‌ಬಾನಿಪಾಲ ದೊರೆಯ ಗ್ರಂಥಭಂಡಾರದಲ್ಲಿ ದೊರೆತ ಕಾವ್ಯವೊಂದರಲ್ಲಿ ಇಷ್ಟಾರ್ ದೇವಿಯು ಪಾತಾಳಕ್ಕೆ ಇಳಿಯುತ್ತಾಳೆ. ಕೊನೆಗೆ ಅವಳ ಪ್ರಿಯನಾದ ತಮ್ಮೂಜನ ಹೆಸರು ಬರುತ್ತದೆ. ಏಕೆ ಇಳಿದಳೆಂಬುದನ್ನು ಕವಿಯು ಹೇಳಿಲ್ಲ. ಪ್ರಿಯನನ್ನು ಬಿಡಿಸಲೆಂದೇ ಇರಬೇಕೆಂದು ಓದಿದವರು ತಾವಾಗಿ ಊಹಿಸಿಕೊಂಡರು.

ಇದಕ್ಕಿಂತ ಸಾವಿರ ವರ್ಷಕ್ಕೂ ಹಳೆಯದಾದ ಸುಮೇರಿಯನ್ ಕಾವ್ಯವು ನಿಪ್ಪುರದ ಅಗೆತದಲ್ಲಿ ಹೊರಬಿದ್ದಿತು, ಆದರೆ ಚೂರುಚೂರಾಗಿ. ಒಂದೇ ಮಣ್ಣಿನ ಹಲಗೆಯ ಮೇಲಿನ ಅರ್ಧ ಇಸ್ತಾಂಬುಲಿನಲ್ಲಿ, ಕೆಳಗಿನ ಅರ್ಧ ಫಿಲಡೆಲ್ಫಿಯದಲ್ಲಿ! ಇವನ್ನೆಲ್ಲ ಜೋಡಿಸಿ 1937ರಲ್ಲಿ ಪ್ರಕಟಿಸಿದವರು ಎಸ್. ಎನ್. ಕ್ರೇಮರ್.

ಇಲ್ಲಿ ದೇವಿಯ ಹೆಸರು ಇನನ್ನಾ. ಅಕ್ಕ ಎರೆಶ್ಕಿಗಲಳ ಗಂಡನ ಉತ್ತರಕ್ರಿಯೆಗೆ ಬಂದೆನೆಂದು ದ್ವಾರಪಾಲಕನಿಗೆ ಹೇಳುತ್ತಾಳೆ; ನಿಜವೋ ನೆಪವೋ ಕಾಣೆ. ಏಳು ಬಾಗಿಲುಗಳಲ್ಲಿ ಕಿರೀಟ ಮೊದಲ್ಗೊಂಡು ಉಟ್ಟ ವಸ್ತ್ರದವರೆಗೆ ಒಂದೊಂದನ್ನೇ ಕಳೆದುಕೊಂಡು ಬತ್ತಲೆಯಾಗಿ ನಿಂತವಳು ಶವವಾಗಿ ಕೊಕ್ಕೆಗೆ ತೂಗುಬೀಳುತ್ತಾಳೆ. ಮೂರು ಹಗಲು ಮೂರು ಇರುಳು ಕಳೆದ ಬಳಿಕ ಆಪ್ತಸೇವಕಿ ನಿನ್‌ಶುಬುರ್ ದೇವತೆಗಳ ಬಾಗಿಲಿಗೆ ಅಲೆಯುತ್ತಾಳೆ. ಎಂಕಿಯೊಬ್ಬನೇ ಕರಗಿದನು. ಅವನು ಉಗುರಿನ ಕೊಳೆಯಿಂದ ಎರಡು ಜೀವಿಗಳನ್ನು ಮಾಡಿ ಕಳುಹಿದನು. ಹೆರಿಗೆಯ ಬೇನೆಯವಳಂತೆ ನರಳುತ್ತಿದ್ದ ಎರೆಶ್ಕಿಗಲಳೊಡನೆ ಅವೂ ನರಳಿದುವು. ತನ್ನ ನೋವಿಗೆ ದನಿಗೂಡಿಸಿದವರನ್ನು ಕಂಡು ಮೃತ್ಯುದೇವತೆಯ ಮನ ಕರಗಿ ವರವಿತ್ತಳು! ಅವು ಬೇಡಿದುದು ಶವವನ್ನು. ಕಾವ್ಯದಲ್ಲಿ ನನಗೆ ಅತ್ಯಂತ ಹಿಡಿಸಿದ ಸ್ಥಳವಿದು.

ಬದುಕಿದ ಇನನ್ನಾ ಬದಲಿಗೊಂದು ಜೀವವನ್ನು ಒಪ್ಪಿಸಬೇಕಾಗಿದ್ದಿತು. ಆ ಜೀವ ಯಾವುದು? ಹಲಗೆ ಅಲ್ಲಿಗೆ ಮುರಿದಿತ್ತು. ಯೇಲ್ ವಿಶ್ವವಿದ್ಯಾನಿಲಯದ ಸಂಗ್ರಹದಲ್ಲಿದ್ದ ಮತ್ತೊಂದು ಹಲಗೆಯಿಂದ 1951ರಲ್ಲಿ ಕ್ರೇಮರ್ ಮುಂದಿನ ಭಾಗವನ್ನು ಓದಿದರು. ತನಗಾಗಿ ಶೋಕಿಸುತ್ತಿದ್ದವರನ್ನೆಲ್ಲ ಇನನ್ನಾ ಬಿಟ್ಟಳು. ಗಂಡ ದುಮುಜಿಯೋ ಒಳ್ಳೆಯ ಉಡುಪು ತೊಟ್ಟು ಪೀಠದ ಮೇಲೆ ಕುಳಿತಿದ್ದನು. ಅವನನ್ನೇ ಯಮದೂತರಿಗೆ ತೋರಿದಳು. ಈ ದುಮುಜಿಯೇ ತಮ್ಮೂಜ್! ಬಿಡಿಸಿದವಳೆಂದು ಪಂಡಿತರು ನಂಬಿದವಳೇ ಕಳುಹಿದವಳೆಂದಾಯಿತು.

ಅಷ್ಟಕ್ಕೂ ಮುಗಿಯಲಿಲ್ಲ. ಊರ್ ನಗರದ ಹಲಗೆಯೊಂದರ ನೆರವಿನಿಂದ 1966ರಲ್ಲಿ ಕ್ರೇಮರ್ ತಮ್ಮ ಬರೆಹವನ್ನೇ ತಿದ್ದಿದರು. ದುಮುಜಿಗೆ ಪಾತಾಳವಾಸ ಅರ್ಧ ವರ್ಷ ಮಾತ್ರ; ಉಳಿದರ್ಧಕ್ಕೆ ಅವನ ಸೋದರಿ ಗೆಶ್ತಿನನ್ನಾ ಇಳಿಯುತ್ತಾಳೆ. ಕಾವ್ಯದ ಕೊನೆಯ ಸ್ತುತಿಯು ಇನನ್ನಾಳಿಗಲ್ಲ, ಎರೆಶ್ಕಿಗಲಳಿಗೆ ಸಲ್ಲುತ್ತದೆ.