ಮರೆವನ್ನು ಅಳೆದವರು

ಪರೀಕ್ಷೆಯ ಹಿಂದಿನ ರಾತ್ರಿ ಮೂರು ನಾಲ್ಕು ಬಾರಿ ಓದಿ ಮುಗಿಸಿದ ಪಾಠ, ಮರುದಿನ ಪ್ರಶ್ನೆಪತ್ರಿಕೆ ಕೈಗೆ ಬಂದೊಡನೆ ಮಾಯವಾದ ಅನುಭವ ನಿಮ್ಮಲ್ಲಿ ಹಲವರಿಗೆ ಇರಬಹುದು. ಆಗ ವಿದ್ಯಾರ್ಥಿ ತನ್ನನ್ನೇ ಹಳಿದುಕೊಳ್ಳುತ್ತಾನೆ: ‘ನನ್ನ ತಲೆಗೆ ಏನೂ ಹತ್ತುವುದಿಲ್ಲ’. ಮನೆಯವರೂ ಕೆಲವೊಮ್ಮೆ ಅದನ್ನೇ ಹೇಳಿಬಿಡುತ್ತಾರೆ. ಮರೆವು ನಿಜವಾಗಿಯೂ ದಡ್ಡತನದ ಗುರುತೇ? ಈ ಪ್ರಶ್ನೆಗೆ ಊಹೆಯಿಂದಲ್ಲದೆ ಪ್ರಯೋಗದಿಂದ ಉತ್ತರ ಹುಡುಕಿದವರ ಕಥೆ ಇಲ್ಲಿದೆ.

ಸ್ಮರಣೆಯ ವಿಚಾರ ನಮ್ಮ ದೇಶಕ್ಕೆ ಹೊಸದಲ್ಲ. ವೇದಗಳನ್ನು ಬರವಣಿಗೆಯ ನೆರವಿಲ್ಲದೆ ಉಳಿಸಿಕೊಳ್ಳಲು ಕ್ರಮ, ಜಟೆ, ಘನ ಎಂಬ ಪಾಠಕ್ರಮಗಳು ಬಳಕೆಯಲ್ಲಿದ್ದವು. ಒಂದೇ ಪದವನ್ನು ಹಿಂದುಮುಂದಾಗಿ ಹಲವು ಜೋಡಣೆಗಳಲ್ಲಿ ಹೇಳುವುದರಿಂದ ತಪ್ಪು ನುಸುಳಿದರೆ ತಕ್ಷಣ ತಿಳಿಯುತ್ತಿತ್ತು. ನ್ಯಾಯದರ್ಶನದವರು ಜ್ಞಾನವನ್ನು ಅನುಭವ ಮತ್ತು ಸ್ಮೃತಿ ಎಂದು ಎರಡಾಗಿ ವಿಂಗಡಿಸಿದರು. ಅನುಭವವು ಮನಸ್ಸಿನಲ್ಲಿ ಬಿಟ್ಟುಹೋದ ಸಂಸ್ಕಾರದಿಂದ ಮಾತ್ರ ಹುಟ್ಟುವ ಜ್ಞಾನವೇ ಸ್ಮೃತಿ ಎಂಬುದು ಅವರ ವಿವರಣೆ. ಮಬ್ಬು ಬೆಳಕಿನಲ್ಲಿ ಹಗ್ಗ ಹಾವಾಗಿ ಕಾಣುವ ಉದಾಹರಣೆಯಂತೂ ನಮ್ಮ ತತ್ತ್ವಶಾಸ್ತ್ರದಲ್ಲಿ ಮನೆಮಾತು. ಕಣ್ಣು ಕಂಡದ್ದಕ್ಕೆ ಮನಸ್ಸು ತನ್ನ ಹಳೆಯ ನೆನಪನ್ನು ಬೆರೆಸುತ್ತದೆ ಎಂಬುದನ್ನು ಅವರು ಗಮನಿಸಿದ್ದರು. ಆದರೆ ಎಷ್ಟು ಮರೆಯುತ್ತೇವೆ, ಎಷ್ಟು ಹೊತ್ತಿನಲ್ಲಿ ಮರೆಯುತ್ತೇವೆ ಎಂದು ಅಳತೆ ಮಾಡುವ ಕೆಲಸ ಹತ್ತೊಂಬತ್ತನೆಯ ಶತಮಾನದವರೆಗೆ ಕಾಯಬೇಕಾಯಿತು.

ಒಬ್ಬನೇ ಪ್ರಯೋಗಕಾರ, ಅವನೇ ಪ್ರಯೋಗವಸ್ತು

1879ರಲ್ಲಿ ವಿಲ್‌ಹೆಲ್ಮ್ ವುಂಟ್ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಮನಃಶಾಸ್ತ್ರದ ಪ್ರಯೋಗಾಲಯವನ್ನು ಆರಂಭಿಸಿದರು. ಬೆಳಕು, ಶಬ್ದಗಳಂತಹ ಸಂವೇದನೆಗಳನ್ನು ಅಳೆಯಬಹುದು, ಆದರೆ ಸ್ಮರಣೆಯಂತಹ ಉನ್ನತ ವ್ಯಾಪಾರಗಳು ಪ್ರಯೋಗಕ್ಕೆ ಸಿಗಲಾರವು ಎಂಬ ಅಭಿಪ್ರಾಯ ಆಗ ಬಲವಾಗಿತ್ತು. ಹೆರ್ಮನ್ ಎಬ್ಬಿಂಗ್‌ಹೌಸ್ (1850–1909) ಎಂಬ ತರುಣ ವಿದ್ವಾಂಸರು ಇದನ್ನು ಒಪ್ಪಲಿಲ್ಲ. ಅವರ ಬಳಿ ಪ್ರಯೋಗಾಲಯವಿರಲಿಲ್ಲ, ಸಹಾಯಕರೂ ಇರಲಿಲ್ಲ. ಆದ್ದರಿಂದ ಅವರು ತಮ್ಮನ್ನೇ ಪ್ರಯೋಗಕ್ಕೆ ಒಡ್ಡಿಕೊಂಡರು.

ಅವರ ಮುಂದೆ ಮೊದಲಿಗೇ ಒಂದು ತೊಡಕು ಬಂತು. ಪರಿಚಿತ ಪದಗಳನ್ನು ಬಾಯಿಪಾಠ ಮಾಡಿದರೆ ಅವುಗಳ ಅರ್ಥವೇ ನೆನಪಿಗೆ ಸಹಾಯ ಮಾಡುತ್ತದೆ. ಹಾಗಾಗಿ ಎರಡು ವ್ಯಂಜನಗಳ ನಡುವೆ ಒಂದು ಸ್ವರವನ್ನಿಟ್ಟು ಸುಮಾರು 2,300 ಅರ್ಥರಹಿತ ಪದಾಂಶಗಳನ್ನು ಅವರು ಸಿದ್ಧಪಡಿಸಿದರು. ನಮ್ಮಲ್ಲಾದರೆ ‘ಝೇಪ್’, ‘ಗೋಫ್’ ಎಂಬಂತೆ. ಅವುಗಳ ಪಟ್ಟಿಯನ್ನು ಮಾಡಿ, ನಿಮಿಷಕ್ಕೆ 150 ಪದಾಂಶಗಳ ಒಂದೇ ಗತಿಯಲ್ಲಿ ಓದಿ, ತಪ್ಪಿಲ್ಲದೆ ಒಪ್ಪಿಸುವವರೆಗೆ ಕಲಿಯುತ್ತಿದ್ದರು. ಸ್ವಲ್ಪ ಕಾಲ ಬಿಟ್ಟು ಅದೇ ಪಟ್ಟಿಯನ್ನು ಮತ್ತೆ ಕಲಿಯುತ್ತಿದ್ದರು. ಮೊದಲು ಹತ್ತು ನಿಮಿಷ ಬೇಕಾಗಿದ್ದು, ಎರಡನೆಯ ಸಲ ಆರು ನಿಮಿಷ ಸಾಕಾದರೆ ನಾಲ್ಕು ನಿಮಿಷ ಉಳಿಯಿತು. ಎಂದರೆ ಶೇಕಡ 40ರಷ್ಟು ಉಳಿತಾಯ. ‘ಏನೂ ನೆನಪಿಲ್ಲ’ ಎಂದು ತೋರಿದಾಗಲೂ ಈ ವಿಧಾನದಿಂದ ಒಳಗೆ ಉಳಿದಿರುವ ಕಲಿಕೆಯನ್ನು ಅಳೆಯಬಹುದಾಗಿತ್ತು.

1879–80ರಲ್ಲಿ ಒಮ್ಮೆ, 1883–84ರಲ್ಲಿ ಮತ್ತೊಮ್ಮೆ ಪ್ರಯೋಗ ನಡೆಸಿ, 1885ರಲ್ಲಿ ಅವರು ಸ್ಮರಣೆಯನ್ನು ಕುರಿತ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಕಲಿತ 20 ನಿಮಿಷಗಳ ನಂತರ ಉಳಿತಾಯ ಶೇ. 58, ಒಂದು ಗಂಟೆಯ ನಂತರ ಶೇ. 44, ಒಂದು ದಿನದ ನಂತರ ಶೇ. 34, ಆರು ದಿನಗಳ ನಂತರ ಶೇ. 25, ಒಂದು ತಿಂಗಳ ನಂತರ ಶೇ. 21. ಮರೆವು ಮೊದಲ ಗಂಟೆಯಲ್ಲಿ ಕಡಿದಾದ ಇಳಿಜಾರು. ಆಮೇಲೆ ಬಹುಮಟ್ಟಿಗೆ ಸಮತಟ್ಟು. ಇದೇ ಪ್ರಸಿದ್ಧವಾದ ‘ಮರೆವಿನ ವಕ್ರರೇಖೆ’. 2015ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಅದೇ ಕ್ರಮದಲ್ಲಿ ಪ್ರಯೋಗವನ್ನು ಪುನಃ ನಡೆಸಿದಾಗಲೂ ಬಹಳಮಟ್ಟಿಗೆ ಇಂತಹುದೇ ರೇಖೆ ದೊರೆಯಿತು.

ವಿದ್ಯಾರ್ಥಿಗಳಿಗೆ ಇನ್ನೂ ಮುಖ್ಯವಾದ ಮಾತೊಂದು ಆ ಗ್ರಂಥದಲ್ಲಿದೆ. ಹನ್ನೆರಡು ಪದಾಂಶಗಳ ಪಟ್ಟಿಯನ್ನು ಒಂದೇ ದಿನ 68 ಸಲ ಓದಿದ್ದರಿಂದ ಆದ ಪ್ರಯೋಜನ, ಮೂರು ದಿನಗಳಿಗೆ ಹಂಚಿ 38 ಸಲ ಓದಿದ್ದರಿಂದಲೇ ಆಯಿತು. ಇನ್ನು ಅರ್ಥವಿರುವ ಕವಿತೆಯನ್ನು ಕಲಿಯಲು ಅರ್ಥರಹಿತ ಪದಾಂಶಗಳಿಗೆ ಬೇಕಾದ ಶ್ರಮದ ಸುಮಾರು ಹತ್ತನೆಯ ಒಂದು ಭಾಗ ಸಾಕಾಗಿತ್ತು.

ನೆನಪು ಪೆಟ್ಟಿಗೆಯಲ್ಲ

ಅರ್ಥವನ್ನು ಬದಿಗಿಟ್ಟು ಸ್ಮರಣೆಯನ್ನು ಅಳೆಯುವುದು ಸರಿಯೇ ಎಂದು ಕೇಳಿದವರು ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಫ್ರೆಡರಿಕ್ ಬಾರ್ಟ್ಲೆಟ್. ನಿತ್ಯಜೀವನದಲ್ಲಿ ನಾವು ‘ಝೇಪ್’, ‘ಗೋಫ್’ಗಳನ್ನು ನೆನಪಿಡುವುದಿಲ್ಲವಷ್ಟೆ! ಅವರು ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಜನಪದ ಕಥೆಯನ್ನು ಇಂಗ್ಲೆಂಡಿನವರಿಗೆ ಓದಲು ಕೊಟ್ಟು, ಕಾಲಾನಂತರದಲ್ಲಿ ಬರೆಯಲು ಹೇಳಿದರು. ಕಥೆ ಚಿಕ್ಕದಾಯಿತು. ಅಪರಿಚಿತವಾದ ತೋಡುದೋಣಿ ಸಾಧಾರಣ ದೋಣಿಯಾಯಿತು. ಸೀಲ್ ಪ್ರಾಣಿಯ ಬೇಟೆ ಮೀನುಗಾರಿಕೆಯಾಯಿತು. ಅರ್ಥವಾಗದ ಭೂತಗಳ ಪ್ರಸಂಗ ಎಷ್ಟೋ ಜನರ ಬರಹದಿಂದ ಜಾರಿಹೋಯಿತು. ಓದಿದವರು ತಮಗೆ ತಿಳಿದ ಲೋಕಕ್ಕೆ ಹೊಂದುವಂತೆ ಕಥೆಯನ್ನು ತಿದ್ದಿಕೊಂಡಿದ್ದರು, ಮತ್ತು ತಾವು ತಿದ್ದಿದ್ದೇವೆಂಬುದು ಅವರಿಗೇ ತಿಳಿದಿರಲಿಲ್ಲ. 1932ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಬಾರ್ಟ್ಲೆಟ್, ನೆನಪಿಸಿಕೊಳ್ಳುವುದೆಂದರೆ ಪೆಟ್ಟಿಗೆಯಿಂದ ವಸ್ತುವನ್ನು ಹೊರತೆಗೆಯುವುದಲ್ಲ, ಪ್ರತಿ ಸಲವೂ ಹೊಸದಾಗಿ ಕಟ್ಟುವುದು ಎಂದು ವಾದಿಸಿದರು. ಗ್ರಹಿಕೆ, ಆಲೋಚನೆ, ಸ್ಮರಣೆ ಎಂದು ಪಠ್ಯಪುಸ್ತಕದಲ್ಲಿ ಮೂರು ಅಧ್ಯಾಯಗಳಿದ್ದರೂ ಮನಸ್ಸಿನಲ್ಲಿ ಅವುಗಳ ನಡುವೆ ಗೋಡೆಗಳಿಲ್ಲ.

ಇದು ನ್ಯಾಯಾಲಯದ ಬಾಗಿಲನ್ನೂ ತಟ್ಟಿತು. 1974ರಲ್ಲಿ ಅಮೆರಿಕದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತಗಳ ಚಿತ್ರಗಳನ್ನು ತೋರಿಸಿ ವೇಗ ಎಷ್ಟಿತ್ತೆಂದು ಕೇಳಿದರು. ಕಾರುಗಳು ‘ತಾಗಿದಾಗ’ ಎಂಬ ಅರ್ಥದ ಪದ ಬಳಸಿದಾಗ ಬಂದ ಸರಾಸರಿ ಉತ್ತರ ಗಂಟೆಗೆ ಸುಮಾರು 32 ಮೈಲಿ. ‘ಅಪ್ಪಳಿಸಿ ನುಜ್ಜುಗುಜ್ಜಾದಾಗ’ ಎಂಬ ಅರ್ಥದ ಪದ ಬಳಸಿದಾಗ ಸುಮಾರು 41 ಮೈಲಿ. ಇನ್ನೊಂದು ಪ್ರಯೋಗದಲ್ಲಿ, ಒಂದು ವಾರದ ನಂತರ ‘ಒಡೆದ ಗಾಜು ಕಂಡಿರಾ?’ ಎಂದು ಕೇಳಲಾಯಿತು. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. ಆದರೂ ಬಲವಾದ ಪದ ಕೇಳಿದ್ದ 50 ಜನರಲ್ಲಿ 16 ಮಂದಿ ಕಂಡೆವೆಂದರು. ವೇಗದ ಪ್ರಶ್ನೆಯನ್ನೇ ಕೇಳದಿದ್ದ 50 ಜನರಲ್ಲಿ ಹಾಗೆಂದವರು 6 ಮಂದಿ ಮಾತ್ರ. ಸಾಕ್ಷಿ ಸುಳ್ಳು ಹೇಳದೆಯೂ ತಪ್ಪು ಹೇಳಬಹುದು. ಅಂತಹ ಒಂದು ಮಾತಿನ ಮೇಲೆ ನಿರಪರಾಧಿಯ ಬದುಕು ನಿಂತಿರಬಹುದು.

ನೆನಪು ಒಂದಲ್ಲ, ಹಲವು

1953ರಲ್ಲಿ ಅಮೆರಿಕದ ಹೆನ್ರಿ ಮೊಲೇಸನ್ ಎಂಬ 27 ವರ್ಷದ ಯುವಕನ ತೀವ್ರ ಅಪಸ್ಮಾರಕ್ಕೆ ಚಿಕಿತ್ಸೆಯಾಗಿ, ಮಿದುಳಿನ ಎರಡೂ ಬದಿಗಳಲ್ಲಿ ಹಿಪ್ಪೋಕ್ಯಾಂಪಸ್ ಎಂಬ ಭಾಗದ ಬಹಳಷ್ಟನ್ನು ಶಸ್ತ್ರಕ್ರಿಯೆಯಿಂದ ತೆಗೆಯಲಾಯಿತು. ಅಪಸ್ಮಾರ ಕಡಿಮೆಯಾಯಿತು, ಆದರೆ ಹೊಸ ಘಟನೆಗಳನ್ನು ನೆನಪಿಡುವ ಶಕ್ತಿಯೇ ಹೋಯಿತು. ಅವರನ್ನು ಪರೀಕ್ಷಿಸಿದ ಬ್ರೆಂಡಾ ಮಿಲ್ನರ್, ಕನ್ನಡಿಯಲ್ಲಿ ಮಾತ್ರ ನೋಡುತ್ತಾ ನಕ್ಷತ್ರದ ರೇಖೆಯನ್ನು ಎಳೆಯುವ ಕೆಲಸ ಕೊಟ್ಟರು. ದಿನದಿಂದ ದಿನಕ್ಕೆ ಅವರ ಕೈ ಪಳಗಿತು. ಆದರೆ ಈ ಕೆಲಸವನ್ನು ಹಿಂದೆ ಮಾಡಿದ್ದೇ ಅವರಿಗೆ ನೆನಪಿರಲಿಲ್ಲ! ಘಟನೆಯ ನೆನಪು ಬೇರೆ, ಕೌಶಲದ ನೆನಪು ಬೇರೆ ಎಂಬುದು ಹೀಗೆ ಸ್ಪಷ್ಟವಾಯಿತು. 2008ರಲ್ಲಿ ನಿಧನರಾಗುವವರೆಗೂ ಅವರು ವಿಜ್ಞಾನಿಗಳ ಪ್ರಯೋಗಗಳಿಗೆ ಸಹಕರಿಸಿದರು. ಅವರಿಗೆ ಉಳಿಯದ ದಿನಗಳಿಂದ ಲೋಕಕ್ಕೆ ಜ್ಞಾನ ಉಳಿಯಿತು.

ಕನ್ನಡ ನಾಡಿನಲ್ಲಿ

ಭಾರತದಲ್ಲಿ ಈ ಶಾಸ್ತ್ರ 1916ರಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯದಲ್ಲಿ ಪ್ರತ್ಯೇಕ ವಿಭಾಗವಾಗಿ ನೆಲೆ ಕಂಡಿತು. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಃಶಾಸ್ತ್ರ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದ ಡಾ. ಎಂ. ವಿ. ಗೋಪಾಲಸ್ವಾಮಿ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದವರೂ ಅವರೇ. ‘ಆಕಾಶವಾಣಿ’ ಎಂಬ ಆ ಕೇಂದ್ರದ ಹೆಸರೇ ಮುಂದೆ ದೇಶದ ಬಾನುಲಿಗೆಲ್ಲ ಹೆಸರಾಯಿತು. ಮನಸ್ಸನ್ನು ಅಭ್ಯಸಿಸಿದವರು ಮನೆಮನೆಗೆ ಮಾತನ್ನು ತಲುಪಿಸಲು ಹೊರಟದ್ದು ಸಹಜವೇ ಆಗಿತ್ತು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಮರೆವು ದಡ್ಡತನವಲ್ಲ, ಅದು ಮನಸ್ಸಿನ ನಿಯಮ. ನಿಯಮ ತಿಳಿದವರು ಅದರೊಡನೆ ಹೊಂದಿಕೊಂಡು ನಡೆಯಬಹುದು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ನಡೆಸಿದ ಪ್ರಯೋಗವೊಂದರಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರು ವಾರದ ನಂತರ ಸುಮಾರು ಶೇ. 40ರಷ್ಟನ್ನು ನೆನಪಿಸಿಕೊಂಡರೆ, ಒಮ್ಮೆ ಓದಿ ಪುಸ್ತಕವಿಲ್ಲದೆ ಮೂರು ಸಲ ನೆನಪಿಸಿ ಬರೆದವರು ಸುಮಾರು ಶೇ. 61ರಷ್ಟನ್ನು ನೆನಪಿಸಿಕೊಂಡರು.

ನೀವೂ ಪರೀಕ್ಷಿಸಿ ನೋಡಬಹುದು. ಒಂದು ಪಾಠವನ್ನು ಇಂದು ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಬರೆಯಿರಿ. ನಾಳೆ ಮತ್ತೆ ಬರೆಯಿರಿ. ನಾಲ್ಕು ದಿನ ಬಿಟ್ಟು ಇನ್ನೊಮ್ಮೆ. ಬಿಟ್ಟುಹೋದದ್ದನ್ನು ಪ್ರತಿ ಸಲ ಪುಸ್ತಕ ನೋಡಿ ತಿದ್ದಿಕೊಳ್ಳಿ. ಎಬ್ಬಿಂಗ್‌ಹೌಸರಿಗೂ ಬೇಕಾದದ್ದು ಒಂದು ಗಡಿಯಾರ, ಒಂದಿಷ್ಟು ಕಾಗದ ಮತ್ತು ತಾಳ್ಮೆ ಮಾತ್ರ.