ಮೋಟುಪಲ್ಲಿಯ ಅಭಯಶಾಸನ: ಪರದೇಶಿ ವ್ಯಾಪಾರಿಗೆ ಅರಸ ಕೊಟ್ಟ ಮಾತು

ಕಳೆದ ವರ್ಷ ನಮ್ಮ ಪುಟ್ಟ ಕಂಪನಿಗೆ ಪಕ್ಕದ ರಾಜ್ಯದಲ್ಲಿ ಒಂದು ಕೆಲಸ ಸಿಕ್ಕಿತು. ಅಲ್ಲೊಂದು ಗೋದಾಮು ಹಿಡಿದು, ಅಲ್ಲಿಂದಲೇ ಬಿಲ್ ಮಾಡಬೇಕಿತ್ತು. ಕಂಪನಿಯ ನೋಂದಣಿ ಇಡೀ ದೇಶಕ್ಕೆ ಸಲ್ಲುತ್ತೆ, ಜಿಎಸ್‌ಟಿ ಹಾಗಲ್ಲ. ಯಾವ ರಾಜ್ಯದಿಂದ ಸರಕು ಪೂರೈಸುತ್ತೀರೋ ಆ ರಾಜ್ಯದಲ್ಲಿ ಬೇರೆಯೇ ನೋಂದಣಿ ಬೇಕು. ಪ್ಯಾನ್ ಅದೇ, ಆದರೆ ನಂಬರಿನ ಮೊದಲ ಎರಡು ಅಂಕಿ ಬದಲು. ಕರ್ನಾಟಕದ 29 ಅಲ್ಲಿ ನಡೆಯಲ್ಲ. ಬಾಡಿಗೆ ಕರಾರು, ಕರೆಂಟ್ ಬಿಲ್, ಮಾಲೀಕರ ಒಪ್ಪಿಗೆ ಪತ್ರ ಎಲ್ಲ ಕೊಟ್ಟೆವು. ಮತ್ತೊಂದು ಪ್ರಶ್ನೆ ಬಂತು, ಉತ್ತರಿಸಿದೆವು. ಇನ್ನೊಂದು ಬಂತು.

ಕಾಯುತ್ತಾ ಕೂತ ಆ ದಿನಗಳಲ್ಲಿ ಎಪಿಗ್ರಾಫಿಯಾ ಇಂಡಿಕಾದ 12ನೇ ಸಂಪುಟ ತೆಗೆದು, ಹುಲ್ಷ್ ಸಂಪಾದಿಸಿದ ಮೋಟುಪಲ್ಲಿ ಕಂಬದ ಶಾಸನವನ್ನು ಮತ್ತೆ ಓದಿದೆ. ಹಿಂದೆ ಓದಿದಾಗ ನಾನು ಇದನ್ನು ತಪ್ಪಾಗಿ ತಿಳಿದಿದ್ದೆ ಅಂತ ಆಗ ಗೊತ್ತಾಯಿತು.

ಮೋಟುಪಲ್ಲಿ ಈಗ ಆಂಧ್ರದ ಬಾಪಟ್ಲ ಜಿಲ್ಲೆಯ ಒಂದು ಕಡಲಂಚಿನ ಹಳ್ಳಿ. 13ನೇ ಶತಮಾನದಲ್ಲಿ ಅದು ಕಾಕತೀಯರ ದೊಡ್ಡ ಬಂದರು. ಮಾರ್ಕೊ ಪೋಲೊ ‘ಮುತ್ಫಿಲಿ’ ಎಂದು ಬರೆದದ್ದು ಇದನ್ನೇ. ಕಾಕತೀಯರ ರಾಜಧಾನಿ ಓರುಗಲ್ಲು ಕಡಲಿನಿಂದ ಬಹಳ ಒಳಗಿದೆ. ಗಣಪತಿದೇವ ಕರಾವಳಿಯನ್ನು ಗೆದ್ದನಾದರೂ, ಬಂದರು ಇದ್ದಮಾತ್ರಕ್ಕೆ ಹಡಗು ಬರುತ್ತವೆಯೇ? ಶಕ 1166, ಅಂದರೆ ಕ್ರಿ.ಶ. 1244-45ರಲ್ಲಿ ಅವನು ಇಲ್ಲಿ ಅಭಯಶಾಸನ ಹಾಕಿಸಿದ. ಅದನ್ನು ಉದ್ದೇಶಿಸಿದ್ದು ಕಡಲ ಮೇಲೆ ಓಡಾಡುವ, ಬೇರೆ ಬೇರೆ ದೇಶಗಳ ವ್ಯಾಪಾರಿಗಳನ್ನು.

ಒಕ್ಕಣೆಯ ಸಾರ ಇಷ್ಟು: ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೊರಟ ಹಡಗು ಬಿರುಗಾಳಿಗೆ ಸಿಕ್ಕಿ, ಒಡೆದು, ದಡಕ್ಕೆ ಬಿದ್ದರೆ ಅದರಲ್ಲಿದ್ದ ಆನೆ, ಕುದುರೆ, ರತ್ನ ಮೊದಲಾದ ಎಲ್ಲವನ್ನೂ ಹಿಂದಿನ ಅರಸರು ಬಲವಂತವಾಗಿ ಕಿತ್ತುಕೊಳ್ಳುತ್ತಿದ್ದರು. ಪ್ರಾಣಕ್ಕಿಂತ ಹಣ ಹೆಚ್ಚೆಂದು ಕಡಲಿಗಿಳಿದವರ ಮೇಲಿನ ಕರುಣೆಯಿಂದ, ಕೀರ್ತಿಗಾಗಿ, ಪುಣ್ಯಕ್ಕಾಗಿ, ನಾವು ‘ಕ್ಲೃಪ್ತ ಶುಲ್ಕ’ದ ಹೊರತು ಮಿಕ್ಕೆಲ್ಲವನ್ನೂ ಅವರಿಗೇ ಬಿಡುತ್ತೇವೆ.

ನಾನು ತಪ್ಪಿದ್ದು ಇಲ್ಲೇ. ‘ಅಭಯ’ ಎಂಬ ಪದ ನೋಡಿ ಇದೊಂದು ಸುಂಕ ಮಾಫಿ ಅಂದುಕೊಂಡಿದ್ದೆ. ಮಾಫಿ ಅಲ್ಲವೇ ಅಲ್ಲ. ಕ್ಲೃಪ್ತ ಅಂದರೆ ಗೊತ್ತುಮಾಡಿದ್ದು, ಮೊದಲೇ ನಿಗದಿಯಾದದ್ದು. ನಮ್ಮ ಹೊಯ್ಸಳ ಶಾಸನಗಳಲ್ಲಿ ಭೂಮಿಯ ತೆರಿಗೆಗೆ ಬರುವ ‘ಸಿದ್ಧಾಯ’ ನೆನಪಾಯಿತು. ದರವನ್ನೂ ಕಲ್ಲಲ್ಲೇ ಕೊರೆದಿದ್ದಾರೆ: ಬರುವ ಸರಕಿಗೂ ಹೋಗುವ ಸರಕಿಗೂ ಮೂವತ್ತಕ್ಕೆ ಒಂದು. ಲೆಕ್ಕ ಹಾಕಿದರೆ ಶೇ. 3.3. ಮುಂದೆ ಗಂಧ, ಕರ್ಪೂರ, ಮುತ್ತು, ಪನ್ನೀರು, ದಂತ, ತಾಮ್ರ, ಸೀಸ, ರೇಷ್ಮೆ ನೂಲು, ಹವಳ, ಮೆಣಸು, ಅಡಿಕೆ ಹೀಗೆ ಸರಕಿನ ಪಟ್ಟಿ. ಹಡಗಿನವನು ಹೊರಡುವ ಮೊದಲೇ ತನ್ನ ಖರ್ಚಿನ ಲೆಕ್ಕ ಹಾಕಬಹುದು. ಅರಸ ಇಲ್ಲಿ ಕಟ್ಟಿಹಾಕಿದ್ದು ವ್ಯಾಪಾರಿಯನ್ನಲ್ಲ, ತನ್ನ ಕೈಯನ್ನೇ.

ಇದಕ್ಕೂ ಮೊದಲು ಪರನಾಡಿನ ವ್ಯಾಪಾರಿ ಯಾರನ್ನು ನಂಬುತ್ತಿದ್ದ? ಬಹುಮಟ್ಟಿಗೆ ತನ್ನ ಸಂಘವನ್ನು. ನಮ್ಮ ಬಾಗಲಕೋಟೆ ಜಿಲ್ಲೆಯ ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ಇದಕ್ಕೆ ಒಳ್ಳೆ ಉದಾಹರಣೆ. ಬಳ್ಳಿಗಾವಿಯ 11ನೇ ಶತಮಾನದ ಶಾಸನವೊಂದು ಅವರು ಚೇರ, ಚೋಳ, ಪಾಂಡ್ಯ, ಮಗಧ, ನೇಪಾಳ ಅಂತ ತಿರುಗಿದ ನಾಡುಗಳ ಉದ್ದ ಪಟ್ಟಿಯನ್ನೇ ಕೊಡುತ್ತದೆ. ಅದು ಹೊಗಳಿಕೆಯ ಭಾಷೆ, ಸ್ವಲ್ಪ ಕಳೆದು ಓದಬೇಕು, ಸರಿ. ಆದರೆ ಸುಮಾತ್ರಾದ ಬಾರುಸ್ ಬಳಿ 1873ರಲ್ಲಿ ಸಿಕ್ಕ, ಶಕ 1010ರ (ಕ್ರಿ.ಶ. 1088) ತಮಿಳು ಕಲ್ಲು ಹೊಗಳಿಕೆಯಲ್ಲ, ಆದೇಶ. ‘ದಿಕ್ಕು ಸಾವಿರದ ಐನೂರ್ವರು’ ಅಲ್ಲಿ ಸಭೆ ಸೇರಿ ವಿಧಿಸುತ್ತಾರೆ: ಹಡಗಿನ ನಾಯಕನೂ ಅವನ ಜನವೂ ಕಸ್ತೂರಿಯ ಬೆಲೆಗೆ ಹೊಂದಿಸಿದ ಶುಲ್ಕವನ್ನು ಚಿನ್ನದಲ್ಲಿ ಕಟ್ಟಬೇಕು, ಆಮೇಲಷ್ಟೇ ಹಾಸಿದ ಬಟ್ಟೆಯ ಮೇಲೆ ಕಾಲಿಡಬೇಕು. ಅಪ್ಪಣೆ ಸಂಘದ್ದು, ಅರಸನದ್ದಲ್ಲ. ಆ ಬಂದರಿನಲ್ಲಿ ನೋಂದಣಿ ಕಛೇರಿ ಅವರೇ ಅಂದಹಾಗಾಯ್ತು!

ನಮ್ಮ ಶಾಸನಗಳಲ್ಲಿ ಸ್ವದೇಶಿ, ಪರದೇಶಿ, ನಾನಾದೇಶಿ ಎಂಬ ಪದಗಳು ವರ್ತಕರಿಗೆ ಬರುತ್ತವೆ. ಇಂದು ‘ಪರದೇಶಿ’ ಅಂದರೆ ದಿಕ್ಕಿಲ್ಲದವನು. ಅಂದು ಅದು ವರ್ತಕನ ಒಂದು ಗುರುತು, ನಾಚಿಕೆಯ ಮಾತಲ್ಲ. ಆದರೂ ದಡಕ್ಕೆ ಬಿದ್ದ ಹಡಗಿನ ಮುಂದೆ ಸಂಘ ಏನು ಮಾಡೀತು? ಅಲ್ಲಿ ದಂಡು ಇರುವುದು ಅರಸನ ಬಳಿ. ಅದಕ್ಕೇ ಅರಸನ ಮಾತು ಬೇಕಾಗುವುದು.

ಆದರೆ ಆ ಮಾತಿನ ಆಯುಷ್ಯ ಎಷ್ಟು? 1323ರಲ್ಲಿ ಕಾಕತೀಯರು ಬಿದ್ದರು. ಅದೇ ಮೋಟುಪಲ್ಲಿಯಲ್ಲಿ ಶಕ 1280ರಲ್ಲಿ (ಕ್ರಿ.ಶ. 1358) ಕೊಂಡವೀಡಿನ ಅನಪೋತ ರೆಡ್ಡಿ ಮತ್ತೊಂದು ಶಾಸನ ಹಾಕಿಸಬೇಕಾಯಿತು. ಇಲ್ಲಿ ನೆಲೆಸಲು ಬಂದವರಿಗೆ ಭೂಮಿ ಕೊಡುತ್ತೇವೆ. ಬೇರೆಡೆ ಹೊರಟರೆ ತಡೆಯುವುದಿಲ್ಲ. ಸರಕನ್ನು ಇಷ್ಟಬಂದವರಿಗೆ ಮಾರಬಹುದು, ನಾವು ಬಲವಂತದಿಂದ ತೆಗೆದುಕೊಳ್ಳುವುದಿಲ್ಲ. ಗಂಡುಮಕ್ಕಳಿಲ್ಲದೆ ಸತ್ತವರ ಆಸ್ತಿಗೆ ಕೈಹಾಕುವುದಿಲ್ಲ. ಈ ಕೊನೆಯದು ನಮ್ಮ ಕನ್ನಡ ಶಾಸನಗಳಲ್ಲೂ ಕಾಣುವ ‘ಅಪುತ್ರಿಕ’ದ ವಿಷಯ. ಗಣಪತಿದೇವನದು ಹಡಗಿನ ಚಿಂತೆ, ಅನಪೋತನದು ಬಂದು ಮನೆಮಾಡುವವನ ಚಿಂತೆ. ಎರಡು ಕಲ್ಲಿನ ನಡುವೆ 114 ವರ್ಷ. ಮೊದಲನೆಯದು ಅಳಿಸಿರಲಿಲ್ಲ, ಆದರೆ ಮಾತು ಕೊಟ್ಟ ಮನೆತನ ಹೋಗಿತ್ತು, ಹೊಸಬ ತನ್ನ ಮಾತನ್ನು ತಾನೇ ಕೊಡಬೇಕಿತ್ತು.

ಹಾಗಂತ ಇಂದಿಗಿಂತ ಅಂದೇ ಚೆನ್ನಾಗಿತ್ತು ಅನ್ನಲಾರೆ. ನನ್ನ ಗೋದಾಮಿನ ಸರಕನ್ನು ಯಾರೂ ಬಿರುಗಾಳಿಯ ನೆಪದಲ್ಲಿ ಹೊತ್ತೊಯ್ಯಲ್ಲ, ಸರ್ಕಾರ ಬದಲಾದರೂ ಕಾನೂನು ಉಳಿಯುತ್ತೆ. ಆದರೆ ಮೂರನೇ ಪ್ರಶ್ನೆಗೆ ಉತ್ತರ ಬರೆಯುವಾಗ ಅನ್ನಿಸಿದ್ದು ಇದು: ಹೊರಗಿನಿಂದ ಬಂದವನು ಕೇಳುವುದು ರಿಯಾಯಿತಿಯನ್ನಲ್ಲ. ಏನು ಕೊಡಬೇಕು, ಎಷ್ಟು ಕೊಡಬೇಕು, ಕೊಟ್ಟ ಮೇಲೆ ಮತ್ತೆ ಕೇಳ್ತೀರಾ, ಇಷ್ಟನ್ನೇ.

ನಮ್ಮ ನೋಂದಣಿ ಕೊನೆಗೂ ಆಯಿತು. ನಿಮ್ಮೂರಿನ ಸುಂಕದ ಶಾಸನಗಳಲ್ಲಿ ಪರದೇಶಿ ವರ್ತಕರಿಗೆ ಇಂಥ ಕಟ್ಟುಪಾಡು ಕಂಡಿದ್ದರೆ ದಯವಿಟ್ಟು ಫೋಟೊ ಕಳಿಸಿ, ಕೂತು ಓದೋಣ.